ಸರ್ಕಾರ ಬಿದ್ದ ಮಾರನೇ ದಿನದಿಂದ ಹೊಸ ಸಂವಿಧಾನ ಬರೋ ತನಕ ಯಾರು ಆಳ್ತಾರೆ?

ಪ್ರಶ್ನೆ: ಸರ್, ನಾನು ಗೌರಿಬಿದನೂರು ಕಡೆಯವನು, ಬಿ.ಎ. ಕೊನೇ ವರ್ಷ ಓದ್ತಿದೀನಿ. ಶ್ರೀಲಂಕಾ, ಬಾಂಗ್ಲಾದೇಶ, ಆಮೇಲೆ ನೇಪಾಳ, ಮೂರೂ ಕಡೆ ಜನ ಬೀದಿಗಿಳಿದು ಸರ್ಕಾರಾನೇ ಕಿತ್ತು ಹಾಕಿದ್ರು. ಹಿಂಗಾದ ಮೇಲೆ ಹೊಸ ಸಂವಿಧಾನ ಬರೀಬೇಕಾ, ಹಳೇದನ್ನೇ ರಿಪೇರಿ ಮಾಡಿದ್ರೆ ಸಾಕಾ? ಈಜಿಪ್ಟ್‌ನಲ್ಲಿ ಮೊದಲಿಗಿಂತ ಕೆಟ್ಟೋಯ್ತು ಅಂತಾರೆ, ಯಾಕೆ? ಇನ್ನೊಂದು, ನಮ್ಮ ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯ್ತು, ಆಮೇಲೆ ಮೈಸೂರು ಚಲೋ ಆಯ್ತು, ಮಹಾರಾಜರ ಕೈಯಿಂದ ಅಧಿಕಾರ ಜನರ ಕೈಗೆ ಬಂತು. ಹಾಗಿದ್ರೆ ಮೈಸೂರು ಸಂಸ್ಥಾನ ತನ್ನದೇ ಒಂದು ಸಂವಿಧಾನ ಯಾಕೆ ಬರ್ಕೊಳ್ಳಲಿಲ್ಲ?

ಉತ್ತರ: ಕೇಳಿರೋದು ಮೂರು ಪ್ರಶ್ನೆ, ಆದ್ರೆ ಮೂರಕ್ಕೂ ಬೇರು ಒಂದೇ ಕಡೆ ಇದೆ. ತುಮಕೂರಲ್ಲಿ ಎಷ್ಟೋ ವರ್ಷದಿಂದ ರಾಜ್ಯಶಾಸ್ತ್ರ ಪಾಠ ಮಾಡ್ಕೊಂಡು ಬಂದಿದೀನಿ, ಸಂವಿಧಾನ ಅಂದ ತಕ್ಷಣ ಹುಡುಗರು ಕೇಳೋದು ಎಷ್ಟು ವಿಧಿ ಇದೆ, ಯಾವ್ಯಾವ ಹಕ್ಕು ಕೊಟ್ಟಿದಾರೆ, ಯಾವ ದೇಶದಿಂದ ಏನು ತಗೊಂಡಿದಾರೆ ಅಂತ. ಅದೆಲ್ಲ ಬೇಕು, ಬೇಡ ಅನ್ನಲ್ಲ. ಆದ್ರೆ ಜನ ಎದ್ದು ಒಂದು ಸರ್ಕಾರ ಬೀಳಿಸಿದ ಮೇಲೆ ಆ ದೇಶ ಉಳಿಯುತ್ತಾ ಮುಳುಗುತ್ತಾ ಅನ್ನೋದು ಹೊಸ ಪುಸ್ತಕದಲ್ಲಿ ಏನು ಬರೆದ್ರು ಅನ್ನೋದಕ್ಕಿಂತ, ಆ ಪುಸ್ತಕ ಬರೆದು ಮುಗಿಸೋ ತನಕ ಯಾರು ಆಳಿದ್ರು, ಯಾವ ನಿಯಮಕ್ಕೆ ಕಟ್ಟುಬಿದ್ದು ಆಳಿದ್ರು, ಮತ್ತೆ ಸೋತೋರಿಗೆ ಆ ಮಾತುಕತೆಯಲ್ಲಿ ಕೂರೋಕೆ ಜಾಗ ಇತ್ತಾ ಇಲ್ವಾ ಅನ್ನೋದರ ಮೇಲೆ ನಿಂತಿರುತ್ತೆ. ಇದು ನಾನು ಸುಮ್ನೆ ಹೇಳ್ತಿರೋ ಮಾತಲ್ಲ, ಕಳೆದ ನಲವತ್ತು ವರ್ಷದಲ್ಲಿ ನಡೆದಿರೋದನ್ನ ಒಂದೊಂದಾಗಿ ನೋಡಿದ್ರೆ ನಿಮಗೇ ಕಾಣುತ್ತೆ.

ಈಜಿಪ್ಟ್‌ನಿಂದಾನೇ ಶುರು ಮಾಡೋಣ. 2011ರ ಜನವರಿ 25ಕ್ಕೆ ಜನ ತಹ್ರೀರ್ ಚೌಕಕ್ಕೆ ಬಂದ್ರು, ಫೆಬ್ರವರಿ 11ಕ್ಕೆ ಅಧ್ಯಕ್ಷ ಮುಬಾರಕ್ ಇಳಿದ. ಬರೀ 18 ದಿನ. ಇಡೀ ಜಗತ್ತು ಟಿವಿ ಮುಂದೆ ಕೂತು ಚಪ್ಪಾಳೆ ಹೊಡೀತು. ಆದ್ರೆ ಮುಬಾರಕ್ ಹೋಗ್ತಾ ಅಧಿಕಾರ ಕೊಟ್ಟಿದ್ದು ಸೇನಾ ಜನರಲ್‌ಗಳ ಮಂಡಳಿಗೆ, ಚೌಕದಲ್ಲಿ ಕೂತಿದ್ದ ಜನಕ್ಕಲ್ಲ. ಮಾರ್ಚ್ 19ಕ್ಕೆ ಒಂದು ಜನಮತಗಣನೆ ಮಾಡಿದ್ರು, ಹಳೇ ಸಂವಿಧಾನದ ಕೆಲವೇ ಕೆಲವು ವಿಧಿಗಳ ತಿದ್ದುಪಡಿಗೆ. ಜನ ಓಟು ಹಾಕಿ ಒಪ್ಪಿದ್ರು. ಸರಿ, ಹನ್ನೊಂದು ದಿನ ಬಿಟ್ಟು ಅದೇ ಸೇನೆ ತಾನೇ ಕೂತು 60ಕ್ಕೂ ಹೆಚ್ಚು ವಿಧಿ ಇರೋ ಒಂದು ಸಂವಿಧಾನ ಘೋಷಣೆ ಹೊರಡಿಸಿಬಿಡ್ತು, ಅದರಲ್ಲಿ ಬಹುಪಾಲು ಜನ ಓಟೇ ಹಾಕಿರಲಿಲ್ಲ. ಅಲ್ಲಿಂದ ಮುಂದೆ ಆಟದ ನಿಯಮ ಯಾರ ಕೈಯಲ್ಲಿದೆ ಅಂತ ಎಲ್ಲರಿಗೂ ಅರ್ಥ ಆಯ್ತು. 2012ರ ಜೂನ್‌ನಲ್ಲಿ, ಚುನಾವಣೇಲಿ ಗೆದ್ದು ಬಂದಿದ್ದ ಪಾರ್ಲಿಮೆಂಟನ್ನ ಕೋರ್ಟು ವಿಸರ್ಜನೆ ಮಾಡ್ತು, ಅಧ್ಯಕ್ಷರ ಚುನಾವಣೆ ಮತದಾನ ಮುಗಿಯೋ ಹೊತ್ತಿಗೆ ಸೇನೆ ಶಾಸನ ಮಾಡೋ ಅಧಿಕಾರಾನ ತನ್ನ ಕೈಗೇ ತಗೊಳ್ತು. ಅಧ್ಯಕ್ಷರಾಗಿ ಗೆದ್ದು ಬಂದ ಮುಸ್ಲಿಂ ಬ್ರದರ್‌ಹುಡ್‌ನ ಮೊರ್ಸಿ ಏನು ಮಾಡಬೇಕಿತ್ತು? ಎದುರು ಪಕ್ಷದವರನ್ನ, ಚೌಕದ ಹುಡುಗರನ್ನ, ಕಾಪ್ಟಿಕ್ ಚರ್ಚಿನ ಕ್ರೈಸ್ತರನ್ನ ಜೊತೆಗೆ ಕಟ್ಕೋಬೇಕಿತ್ತು. ಅದು ಬಿಟ್ಟು ನವೆಂಬರ್ 22ಕ್ಕೆ ತನ್ನ ತೀರ್ಮಾನಗಳನ್ನ ಯಾವ ಕೋರ್ಟೂ ಪ್ರಶ್ನೆ ಮಾಡಂಗಿಲ್ಲ ಅಂತ ಆದೇಶ ಹೊರಡಿಸಿದ್ರು. ಸಂವಿಧಾನ ಬರೆಯೋ 100 ಜನರ ಸಭೆಯಿಂದ ಬೇರೆಯವರೆಲ್ಲ ಎದ್ದು ಹೋಗಿದ್ರೂ ಉಳಿದೋರೇ ರಾತ್ರಿಯಿಡೀ ಕೂತು ಒಂದೊಂದೇ ವಿಧಿಗೆ ಕೈ ಎತ್ತಿ ಬೆಳಗಾಗೋ ಹೊತ್ತಿಗೆ ಕರಡು ಪಾಸು ಮಾಡಿದ್ರು. ಡಿಸೆಂಬರ್ ಜನಮತಗಣನೆಯಲ್ಲಿ ಸುಮಾರು 64% ಜನ ಹೂಂ ಅಂದ್ರು, ಆದ್ರೆ ಓಟು ಹಾಕೋಕೆ ಬಂದೋರೇ ಮೂರರಲ್ಲಿ ಒಂದು ಭಾಗ. ಏಳು ತಿಂಗಳು ಕೂಡ ಆಗ್ಲಿಲ್ಲ, 2013ರ ಜುಲೈ 3ಕ್ಕೆ ಸೇನೆ ಮೊರ್ಸಿನ ಇಳಿಸ್ತು, ಆ ಸಂವಿಧಾನಾನೂ ಮೂಲೆಗೆ ಹೋಯ್ತು. 2014ರಲ್ಲಿ ಇನ್ನೊಂದು ಬಂತು, ಅದಕ್ಕೆ 98% ಹೂಂ ಅಂದ್ರಂತೆ. 2019ರಲ್ಲಿ ಅದನ್ನೂ ತಿದ್ದಿ, ಮೊರ್ಸಿನ ಇಳಿಸಿ ಆಮೇಲೆ ಅಧ್ಯಕ್ಷರಾದ ಸೇನಾ ಮುಖ್ಯಸ್ಥ ಸಿಸಿ 2030ರ ತನಕ ಇರೋಕೆ ದಾರಿ ಮಾಡ್ಕೊಂಡ್ರು.

ನೋಡಿ, ಇಲ್ಲಿ 2012ರ ಸಂವಿಧಾನದ ಯಾವ ವಿಧಿ ಸರಿ ಇತ್ತು, ಯಾವುದು ತಪ್ಪಿತ್ತು ಅಂತ ಎಷ್ಟು ಚರ್ಚೆ ಮಾಡಿದ್ರೂ ಪ್ರಯೋಜನ ಇಲ್ಲ. ಅದು ಹುಟ್ಟೋಕೆ ಮುಂಚೆನೇ ಸೋತಿತ್ತು. ಮಧ್ಯಂತರದಲ್ಲಿ ಆಳ್ತಿದ್ದ ಸೇನೆಗೆ ಯಾರೂ ಕಡಿವಾಣ ಹಾಕಿರಲಿಲ್ಲ, ಚುನಾವಣೇಲಿ ಗೆದ್ದೋರು ನಾವು ಗೆದ್ದಿದೀವಲ್ಲ ಇನ್ನೇನು ಅಂತ ಒಬ್ಬರೇ ಬರ್ಕೊಂಡ್ರು.

ಈಗ ಟ್ಯುನೀಶಿಯಾಗೆ ಬರೋಣ, ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ಒಂದೇ ದೇಶದಲ್ಲಿ ಸರಿ ಹೋಗಿದ್ದೂ ಇದೆ, ಕೆಟ್ಟು ಹೋಗಿದ್ದೂ ಇದೆ. 2010ರ ಡಿಸೆಂಬರ್ 17ಕ್ಕೆ ಸಿದಿ ಬೂಜಿದ್ ಅನ್ನೋ ಊರಲ್ಲಿ ತಳ್ಳೋ ಗಾಡೀಲಿ ಹಣ್ಣು ತರಕಾರಿ ಮಾರ್ತಿದ್ದ ಮೊಹಮದ್ ಬುವಾಜೀಜಿ ಅಧಿಕಾರಿಗಳ ಕಾಟ ತಾಳಲಾರದೆ ಬೆಂಕಿ ಹಚ್ಕೊಂಡ. ಒಂದು ತಿಂಗಳೊಳಗೆ, ಜನವರಿ 14ಕ್ಕೆ, 23 ವರ್ಷ ಆಳಿದ್ದ ಬೆನ್ ಅಲಿ ದೇಶ ಬಿಟ್ಟು ಓಡಿದ. ಇವ್ರು ಮೊದಲು ಸಂವಿಧಾನ ಬರೆಯೋ ಸಭೆಗೇ ಚುನಾವಣೆ ಮಾಡಿದ್ರು, 2011ರ ಅಕ್ಟೋಬರ್ 23ಕ್ಕೆ, 217 ಸೀಟು. ಎನ್ನಹ್ದಾ ಅನ್ನೋ ಇಸ್ಲಾಮಿಕ್ ಪಕ್ಷಕ್ಕೆ 89 ಬಂತು. ಅತಿ ದೊಡ್ಡ ಪಕ್ಷ, ಆದ್ರೆ ಬಹುಮತ ಇಲ್ಲ. ಈ ಬಹುಮತ ಇಲ್ಲದೇ ಇರೋದು ಆ ದೇಶಕ್ಕೆ ವರ ಆಯ್ತು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಬೇರೆಯವ್ರನ್ನ ಕೇಳದೆ ಏನೂ ಮಾಡೋಹಂಗಿರಲಿಲ್ಲ. ಆದ್ರೂ 2013ರಲ್ಲಿ ಎಲ್ಲಾ ಮುರಿದು ಬೀಳೋ ಹಂತಕ್ಕೆ ಬಂತು, ಫೆಬ್ರವರಿಯಲ್ಲಿ ಶೊಕ್ರಿ ಬೆಲಾಯಿದ್, ಜುಲೈನಲ್ಲಿ ಮೊಹಮದ್ ಬ್ರಾಹ್ಮಿ, ಇಬ್ಬರು ಎಡಪಕ್ಷದ ನಾಯಕರ ಕೊಲೆ ಆಯ್ತು, ಆಗ ತಾನೇ ಈಜಿಪ್ಟ್‌ನಲ್ಲಿ ಸೇನೆ ಬಂದಿತ್ತು, ಇಲ್ಲೂ ಹಂಗೇ ಆಗಲಿ ಅನ್ನೋರು ಕಮ್ಮಿ ಇರಲಿಲ್ಲ. ಅವಾಗ ಮುಂದೆ ಬಂದೋರು ಯಾರು ಗೊತ್ತಾ? ಕಾರ್ಮಿಕ ಸಂಘ, ಉದ್ಯಮಿಗಳ ಸಂಘ, ಮಾನವ ಹಕ್ಕುಗಳ ಸಂಘ, ವಕೀಲರ ಸಂಘ, ಈ ನಾಲ್ಕು. ಕಾರ್ಮಿಕ ಸಂಘದೋರೂ ಮಾಲೀಕರ ಸಂಘದೋರೂ ಒಂದೇ ಟೇಬಲ್ಲಿಗೆ ಕೂತು ಪಕ್ಷದವ್ರನ್ನ ಕರೆಸಿ, ಸರ್ಕಾರ ರಾಜೀನಾಮೆ ಕೊಡಬೇಕು, ಪಕ್ಷಾತೀತ ಸರ್ಕಾರ ಬರಬೇಕು, ಸಭೆ ಸಂವಿಧಾನ ಮುಗಿಸಬೇಕು ಅಂತ ಒಪ್ಪಿಸಿದ್ರು. ಎನ್ನಹ್ದಾ ಗೆದ್ದಿದ್ರೂ ಕುರ್ಚಿ ಬಿಟ್ಟುಕೊಡ್ತು. 2014ರ ಜನವರಿ 26ಕ್ಕೆ, ನಮ್ಮ ಗಣರಾಜ್ಯ ದಿನಾನೇ ನೋಡಿ, 200 ಸದಸ್ಯರು ಪರವಾಗಿ ಓಟು ಹಾಕಿ ಸಂವಿಧಾನ ಪಾಸಾಯ್ತು, ವಿರೋಧ ಬರೀ 12. ಆ ನಾಲ್ಕು ಸಂಘಗಳಿಗೆ ಸೇರಿ 2015ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಇಲ್ಲಿಗೆ ಕಥೆ ಮುಗೀತು ಅಂತ ತುಂಬಾ ಜನ ಅಂದ್ಕೊಂಡ್ರು. ಮುಗಿದಿರಲಿಲ್ಲ. ಆ ಸಂವಿಧಾನದಲ್ಲಿ 12 ಜನರ ಒಂದು ಸಾಂವಿಧಾನಿಕ ನ್ಯಾಯಾಲಯ ಇರಬೇಕು ಅಂತ ಬರೆದಿದ್ರು, ನಾಲ್ಕು ಜನರನ್ನ ಪಾರ್ಲಿಮೆಂಟ್ ಆರಿಸಬೇಕು, ನಾಲ್ಕು ಜನರನ್ನ ನ್ಯಾಯಾಂಗ ಮಂಡಳಿ, ನಾಲ್ಕು ಜನರನ್ನ ಅಧ್ಯಕ್ಷರು, ಅದೂ ಚುನಾವಣೆ ಆಗಿ ಒಂದು ವರ್ಷದೊಳಗೆ. ಪಾರ್ಲಿಮೆಂಟಲ್ಲಿ ಮೂರನೇ ಎರಡು ಬಹುಮತ ಬೇಕು. ನಿನ್ನವನಿಗೆ ನಾನು ಯಾಕೆ ಓಟು ಹಾಕ್ಲಿ, ನನ್ನವನಿಗೆ ನೀನು ಹಾಕು ಅಂತ ಎಳೆದಾಡಿ ಎಳೆದಾಡಿ, ವರ್ಷಗಟ್ಟಲೆ ಆದ್ರೂ ಅವರ ಕೈಲಿ ಆರಿಸೋಕಾಗಿದ್ದು ಒಬ್ಬರನ್ನ ಮಾತ್ರ. ನ್ಯಾಯಾಲಯ ಹುಟ್ಟಲೇ ಇಲ್ಲ. 2021ರ ಜುಲೈ 25ಕ್ಕೆ ಅಧ್ಯಕ್ಷ ಕೈಸ್ ಸಯೀದ್ 80ನೇ ವಿಧಿ ಹಿಡ್ಕೊಂಡು ತುರ್ತು ಪರಿಸ್ಥಿತಿ ಅಂದು ಪ್ರಧಾನಿನ ತೆಗೆದು ಪಾರ್ಲಿಮೆಂಟ್ ಬಾಗಿಲು ಮುಚ್ಚಿಸಿದ್ರು. ಆ 80ನೇ ವಿಧಿನ ಒಂದ್ಸಲ ಓದಿ. ಈ ಅವಧೀಲಿ ಪಾರ್ಲಿಮೆಂಟ್ ಸತತವಾಗಿ ಸೇರಿರಬೇಕು, ವಿಸರ್ಜನೆ ಮಾಡಂಗಿಲ್ಲ ಅಂತ ಇದೆ. 30 ದಿನ ಆದ ಮೇಲೆ ಸ್ಪೀಕರೋ ಇಲ್ಲ 30 ಸದಸ್ಯರೋ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಗಿ, ಈ ತುರ್ತು ಪರಿಸ್ಥಿತಿ ಇನ್ನೂ ಬೇಕಾ ಅಂತ ಕೇಳಬಹುದು ಅಂತಾನೂ ಇದೆ. ಎಷ್ಟು ಚೆನ್ನಾಗಿ ಬರೆದಿದಾರೆ ಅಲ್ವಾ? ಆದ್ರೆ ಹೋಗೋಕೆ ಆ ನ್ಯಾಯಾಲಯಾನೇ ಇಲ್ಲ! ಕೇಳೋರು ಯಾರೂ ಇಲ್ಲದೆ 2022ರಲ್ಲಿ ಅವ್ರೇ ಹೊಸ ಸಂವಿಧಾನ ತಂದು ಜನಮತಗಣನೆ ಮಾಡಿದ್ರು, ಓಟು ಹಾಕೋಕೆ ಬಂದಿದ್ದು ಸುಮಾರು 30% ಜನ.

ನಮ್ಮ ಕೋಲಾರ ಚಿಕ್ಕಬಳ್ಳಾಪುರ ಕಡೆ ಕೆರೆಗಳಿಗೆ ನೀರುಗಂಟಿ ಅಂತ ಇರ್ತಿದ್ದ್ರಲ್ಲ, ತೂಬು ಎತ್ತೋದು ಇಳಿಸೋದು, ಯಾರ ಗದ್ದೆಗೆ ಎಷ್ಟೊತ್ತು ನೀರು ಅಂತ ನೋಡೋದು ಅವನ ಕೆಲಸ, ಎಷ್ಟೇ ದೊಡ್ಡ ಜಮೀನ್ದಾರ ಆದ್ರೂ ತಾನೇ ಹೋಗಿ ತೂಬು ಎತ್ತಂಗಿರಲಿಲ್ಲ. ಕೆರೆ ತುಂಬಿದ್ದು ನೋಡಿ ಖುಷಿ ಪಟ್ಟು ನೀರುಗಂಟಿನ ನೇಮಕ ಮಾಡೋದನ್ನ ಮುಂದಿನ ವರ್ಷ ನೋಡೋಣ ಅಂತ ಬಿಟ್ರೆ ಏನಾಗುತ್ತೋ ಟ್ಯುನೀಶಿಯಾದಲ್ಲಿ ಅದೇ ಆಯ್ತು. ಹಾಗಾಗಿ ಯಾವ ದೇಶದ ಹೊಸ ಸಂವಿಧಾನ ಬಂದ್ರೂ ನಾನು ಮೊದಲು ನೋಡೋದು ಹಕ್ಕುಗಳ ಪಟ್ಟಿ ಅಲ್ಲ, ಕೋರ್ಟಿಗೆ, ಚುನಾವಣಾ ಆಯೋಗಕ್ಕೆ ಜನರನ್ನ ಯಾರು ಹಾಕ್ತಾರೆ, ಅವರು ಒಪ್ಪದೇ ಹೋದ್ರೆ ಏನು ದಾರಿ ಅಂತ ಬರೆದಿರೋ ಪುಟ. ಎಷ್ಟೋ ಸಂವಿಧಾನಗಳಲ್ಲಿ ಆ ಎರಡನೇ ಪ್ರಶ್ನೆಗೆ ಉತ್ತರಾನೇ ಇರಲ್ಲ.

ಇದೆಲ್ಲಾ ಸರಿಯಾಗಿ ಮಾಡಿದೋರು ಯಾರೂ ಇಲ್ವಾ ಅಂತ ಕೇಳಬಹುದು. ದಕ್ಷಿಣ ಆಫ್ರಿಕಾ ಇದೆ. ಅಲ್ಲಿ ಕರಿಯರ ಹೋರಾಟ, ಟೌನ್‌ಶಿಪ್‌ಗಳ ದಂಗೆ, ಮುಷ್ಕರ ಎಲ್ಲಾ ಸೇರಿ ಬಿಳಿಯರ ಸರ್ಕಾರ ಮಾತುಕತೆಗೆ ಬಂತು, ಆದ್ರೆ ಎರಡೂ ಕಡೆಯವರಿಗೂ ಭಯ. ಬಹುಸಂಖ್ಯಾತರಿಗೆ, ಚುನಾವಣೆ ಇಲ್ಲದೆ ಸಂವಿಧಾನ ಬರೆದ್ರೆ ಇವ್ರು ಹಿಂಬಾಗಿಲಿಂದ ಬಿಳಿಯರ ಅಧಿಕಾರ ಉಳಿಸ್ಕೊಳ್ತಾರೆ ಅಂತ. ಬಿಳಿಯರಿಗೆ, ಚುನಾವಣೆ ಆದ ಮೇಲೆ ಬರೆದ್ರೆ ನಮ್ಮನ್ನ ಕೇಳೋರೇ ಇರಲ್ಲ ಅಂತ. ಇದನ್ನ ಬಿಡಿಸಿದ ರೀತಿ ನೋಡಿ. 1993ರಲ್ಲಿ ಮಧ್ಯಂತರ ಸಂವಿಧಾನ ಮಾಡಿದ್ರು, ಅದರ ಕೊನೇಲಿ 34 ತತ್ವಗಳನ್ನ ಹಾಕಿ, ಮುಂದೆ ಚುನಾಯಿತ ಸಭೆ ಏನು ಬೇಕಾದ್ರೂ ಬರೀಲಿ, ಆದ್ರೆ ಈ 34ಕ್ಕೆ ವಿರುದ್ಧ ಬರೆಯಂಗಿಲ್ಲ, ಬರೆದಿದಾರಾ ಇಲ್ವಾ ಅಂತ ಹೊಸ ಸಾಂವಿಧಾನಿಕ ನ್ಯಾಯಾಲಯ ನೋಡಿ ಹೇಳುತ್ತೆ ಅಂತ ಒಪ್ಪಿಕೊಂಡ್ರು. 1994ರಲ್ಲಿ ಚುನಾವಣೆ, ಮಂಡೇಲಾ ಅಧ್ಯಕ್ಷ, ಸೋತ ಹಳೇ ಬಿಳಿಯ ಅಧ್ಯಕ್ಷ ಡಿ ಕ್ಲರ್ಕ್ ಉಪಾಧ್ಯಕ್ಷರಲ್ಲಿ ಒಬ್ಬರು. ಹಳೇ ಸರ್ಕಾರಿ ನೌಕರರ ಕೆಲಸ ತಕ್ಷಣ ಹೋಗಲ್ಲ ಅಂತಾನೂ ಮಾತು ಕೊಟ್ಟಿದ್ರು, ಈ ಸೂಚನೆ ಮುಂದಿಟ್ಟಿದ್ದು ಕಮ್ಯುನಿಸ್ಟ್ ನಾಯಕ ಜೋ ಸ್ಲೋವೋ, ಸ್ವಂತ ಕಡೆಯವರೇ ಬೈದ್ರು ಅವರನ್ನ. 1996ರಲ್ಲಿ ಸಭೆ ಸಂವಿಧಾನ ಬರೆದು ಮುಗಿಸ್ತು, ಸೆಪ್ಟೆಂಬರ್‌ನಲ್ಲಿ ಕೋರ್ಟು ನೋಡಿ, ಇಲ್ಲ, ಕೆಲವು ಕಡೆ ತತ್ವಕ್ಕೆ ಹೊಂದಲ್ಲ, ತಿದ್ಕೊಂಡು ಬನ್ನಿ ಅಂತ ವಾಪಸ್ ಕಳಿಸ್ತು! ಭಾರೀ ಬಹುಮತದಿಂದ ಜನ ಆರಿಸಿ ಕಳಿಸಿದ ಸಭೆ, ಮಂಡೇಲಾ ಅಂಥ ನಾಯಕ, ಆದ್ರೂ ಯಾರೂ ಕೋರ್ಟಿನ ಮೇಲೆ ಕೂಗಾಡ್ಲಿಲ್ಲ, ತಿದ್ದಿ ತಂದ್ರು, ಡಿಸೆಂಬರ್‌ನಲ್ಲಿ ಕೋರ್ಟು ಒಪ್ತು, ಡಿಸೆಂಬರ್ 10ಕ್ಕೆ ಶಾರ್ಪ್‌ವಿಲ್‌ನಲ್ಲಿ ಮಂಡೇಲಾ ಸಹಿ ಹಾಕಿದ್ರು. ಶಾರ್ಪ್‌ವಿಲ್ ಅಂದ್ರೆ 1960ರಲ್ಲಿ ಪೊಲೀಸರು 69 ಜನರನ್ನ ಗುಂಡಿಟ್ಟು ಕೊಂದ ಜಾಗ. ಕ್ಲಾಸಲ್ಲಿ ಇದನ್ನ ಹೇಳುವಾಗೆಲ್ಲ ನನಗೆ ಈಗ್ಲೂ ಮೈ ಜುಮ್ ಅನ್ನುತ್ತೆ.

ಹೊಸದಾ ರಿಪೇರಿನಾ ಅಂತ ಕೇಳಿದ್ರಲ್ಲ, ಅದಕ್ಕೆ ಇಂಡೋನೇಷ್ಯಾ ಮತ್ತೆ ಚಿಲಿ ಎರಡನ್ನ ಪಕ್ಕಪಕ್ಕ ಇಟ್ಟು ನೋಡಿ. ಇಂಡೋನೇಷ್ಯಾದಲ್ಲಿ 1998ರ ಮೇ 21ಕ್ಕೆ, ವಿದ್ಯಾರ್ಥಿಗಳ ಚಳವಳಿ, ಅಲ್ಲಿನ ನಾಣ್ಯ ರೂಪಿಯಾ ಬೆಲೆ ಬಿದ್ದಿದ್ದು, ಗಲಭೆ ಎಲ್ಲಾ ಸೇರಿ 32 ವರ್ಷ ಆಳಿದ ಸುಹಾರ್ತೊ ಇಳಿದ್ರು. ಹೊಸ ಸಂವಿಧಾನ ಬರೀಲಿಲ್ಲ ಅವ್ರು. 1945ರ ಸಂವಿಧಾನಾನೇ ಇಟ್ಕೊಂಡು, ಪೀಠಿಕೆ ಮುಟ್ಟಲ್ಲ, ಏಕೀಕೃತ ದೇಶ ಅನ್ನೋದನ್ನ ಒಡೆಯಲ್ಲ, ಅಧ್ಯಕ್ಷೀಯ ಪದ್ಧತಿ ಬಿಡಲ್ಲ ಅಂತ ಮೊದಲೇ ಒಪ್ಪಂದ ಮಾಡ್ಕೊಂಡು, 1999ರಿಂದ 2002ರ ತನಕ ವರ್ಷಕ್ಕೊಂದರಂತೆ ನಾಲ್ಕು ತಿದ್ದುಪಡಿ ತಂದ್ರು. ಅಧ್ಯಕ್ಷರಿಗೆ ಎರಡೇ ಅವಧಿ ಅಂತ ಮಾಡಿದ್ರು, ಜನಾನೇ ನೇರವಾಗಿ ಅಧ್ಯಕ್ಷರನ್ನ ಆರಿಸೋ ಹಾಗೆ ಮಾಡಿದ್ರು, ಪಾರ್ಲಿಮೆಂಟಲ್ಲಿ ಸೇನೆಗೆ ಇದ್ದ ಮೀಸಲು ಸೀಟು 2004ಕ್ಕೆ ಹೋಯ್ತು, 2003ರಲ್ಲಿ ಸಾಂವಿಧಾನಿಕ ನ್ಯಾಯಾಲಯ ನಿಜವಾಗ್ಲೂ ಬಂದು ಕೂತ್ಕೊಳ್ತು. ಹೆಸರು ಹಳೇದು, ಒಳಗಿರೋದು ಬಹುಪಾಲು ಹೊಸದು. ನಿಧಾನ ಆಯ್ತು, ಹಳೇ ತಲೆಗಳು ಉಳ್ಕೊಂಡ್ವು ಅಂತ ಬೇಜಾರು ಮಾಡ್ಕೊಂಡೋರು ಇದಾರೆ, ಅವರ ಮಾತಲ್ಲೂ ನಿಜ ಇದೆ. ಆದ್ರೆ ಸೇನೆ ಮತ್ತೆ ವಾಪಸ್ ಬರೋಕೆ ಒಂದು ನೆಪ ಸಿಗಲಿಲ್ಲ ಅನ್ನೋದನ್ನ ಮರೀಬಾರ್ದು.

ಚಿಲಿಯವ್ರು ಪೂರ್ತಿ ಹೊಸದೇ ಬೇಕು ಅಂದ್ರು. 2019ರ ಅಕ್ಟೋಬರ್‌ನಲ್ಲಿ ಸ್ಯಾಂಟಿಯಾಗೋ ಮೆಟ್ರೋ ಟಿಕೆಟ್ 30 ಪೆಸೊ ಜಾಸ್ತಿ ಆಗಿದ್ದೇ ತಡ, ಹೊತ್ಕೊಂಡು ಉರೀತು. ಸೇನಾ ಸರ್ವಾಧಿಕಾರಿ ಪಿನೋಚೆ ಕಾಲದ 1980ರ ಸಂವಿಧಾನ ಹೋಗಲಿ ಅಂತ 2020ರಲ್ಲಿ 78% ಜನ ಓಟು ಹಾಕಿದ್ರು. 155 ಜನರ ಸಭೆ, ಹೆಂಗಸರು ಗಂಡಸರು ಸರಿಸಮ, ಮೂಲನಿವಾಸಿಗಳಿಗೆ 17 ಸೀಟು, ಇಷ್ಟು ಒಳ್ಳೇ ಸಭೆ ಜಗತ್ತಲ್ಲಿ ಅಪರೂಪ. ಆದ್ರೆ ಬಲಪಂಥದ ಪಕ್ಷಗಳಿಗೆ ಬಂದಿದ್ದು 37, ಮೂರನೇ ಒಂದು ಭಾಗಕ್ಕಿಂತ ಕಮ್ಮಿ, ಅವರಿಗೆ ಯಾವುದನ್ನೂ ತಡೆಯೋ ಶಕ್ತಿ ಇಲ್ಲ, ಹಾಗಾಗಿ ಯಾರೂ ಅವರ ಮಾತು ಕೇಳೋ ಗೋಜಿಗೇ ಹೋಗ್ಲಿಲ್ಲ. 388 ವಿಧಿ ಬರೆದ್ರು. 2022ರ ಸೆಪ್ಟೆಂಬರ್ 4ಕ್ಕೆ 62% ಜನ ಬೇಡ ಅಂದ್ರು. ಸರಿ, ಎರಡನೇ ಸಲ ಸಭೆ ಆರಿಸಿದ್ರು, ಈ ಸಲ ಬಲಪಂಥದೋರಿಗೆ ಭರ್ಜರಿ ಬಹುಮತ, ಅವ್ರೂ ಅದೇ ತಪ್ಪು ಮಾಡಿ ತಮ್ಮ ಮೂಗಿನ ನೇರಕ್ಕೆ ಬರೆದ್ರು, 2023ರ ಡಿಸೆಂಬರ್‌ನಲ್ಲಿ ಸುಮಾರು 56% ಜನ ಅದನ್ನೂ ಬೇಡ ಅಂದ್ರು. ಎಡದವ್ರೂ ಸೋತ್ರು, ಬಲದವ್ರೂ ಸೋತ್ರು, ಪಿನೋಚೆ ಕಾಲದ ಸಂವಿಧಾನ, ಎಷ್ಟೋ ತಿದ್ದುಪಡಿ ಆಗಿರೋದು, ಹಾಗೇ ಉಳೀತು. ಹಾಗಾಗಿ ನನ್ನ ಉತ್ತರ ಇದು: ಹಳೇ ಸಂವಿಧಾನದಲ್ಲಿ ತಿದ್ದೋಕೆ ಬಾಗಿಲು ತೆರೆದಿದ್ರೆ, ಎಲ್ಲರೂ ಅದನ್ನ ತಮ್ಮದು ಅಂತ ಸ್ವಲ್ಪನಾದ್ರೂ ಒಪ್ಪೋದಾದ್ರೆ, ರಿಪೇರಿನೇ ವಾಸಿ. ದಕ್ಷಿಣ ಆಫ್ರಿಕಾ ಥರ, ಹಳೇ ಕಾನೂನೇ ಬಹುಪಾಲು ಜನರನ್ನ ಮನುಷ್ಯರು ಅಂತ ಲೆಕ್ಕಕ್ಕೆ ತಗೊಂಡಿರದೇ ಇದ್ರೆ, ಹೊಸದೇ ಆಗಬೇಕು, ಅಲ್ಲಿ ರಿಪೇರಿ ಮಾತೇ ಬರಲ್ಲ.

ಶ್ರೀಲಂಕಾದೋರು ರಿಪೇರಿ ದಾರಿ ಹಿಡಿದ್ರು. 2022ರ ಜುಲೈನಲ್ಲಿ ಅಧ್ಯಕ್ಷ ಗೋಟಬಯ ರಾಜಪಕ್ಸ ಓಡಿ ಹೋದ್ರು, ಸಂವಿಧಾನದಲ್ಲಿ ಹೇಳಿರೋ ಹಾಗೇ ಪಾರ್ಲಿಮೆಂಟ್ ಓಟು ಹಾಕಿ ರನಿಲ್ ವಿಕ್ರಮಸಿಂಘೆನ ಆರಿಸ್ತು, ಚಳವಳಿ ಮಾಡಿದ ಹುಡುಗರಿಗೆ ಇದು ನುಂಗಲಾರದ ತುತ್ತು. ಅಕ್ಟೋಬರ್‌ನಲ್ಲಿ 21ನೇ ತಿದ್ದುಪಡಿ ಬಂತು, ಅಧ್ಯಕ್ಷರ ಕೈ ಸ್ವಲ್ಪ ಕಟ್ಟಿದ್ರು. 2024ರಲ್ಲಿ ಚುನಾವಣೆ ನಡೆದು ಅನುರ ಕುಮಾರ ದಿಸ್ಸಾನಾಯಕೆ ಶಾಂತವಾಗಿ ಅಧಿಕಾರಕ್ಕೆ ಬಂದ್ರು. ಆದ್ರೆ ಎಲ್ಲಾ ತೊಂದರೆಗೂ ಮೂಲ ಅಂತ ಜನ ಬೈತಿದ್ದ, 1978ರಲ್ಲಿ ತಂದ ಕಾರ್ಯಕಾರಿ ಅಧ್ಯಕ್ಷ ಪದ್ಧತಿನ ಈ ತಿದ್ದುಪಡಿ ಕಿತ್ತು ಹಾಕಲಿಲ್ಲ.

ನೇಪಾಳದ್ದು ಬೇರೆ. 2006ರ ಏಪ್ರಿಲ್‌ನಲ್ಲಿ 19 ದಿನದ ಜನಾಂದೋಲನ, ರಾಜ ಮಣಿದ, 2007ಕ್ಕೆ ಮಧ್ಯಂತರ ಸಂವಿಧಾನ, 2008ಕ್ಕೆ 601 ಜನರ ಸಭೆ, ಮೊದಲ ಕೂಟದಲ್ಲೇ ರಾಜಪ್ರಭುತ್ವ ರದ್ದು. ಆದ್ರೆ ಆ ಸಭೆ ಅವಧಿ ಮತ್ತೆ ಮತ್ತೆ ವಿಸ್ತರಿಸ್ಕೊಂಡೂ ಸಂವಿಧಾನ ಮುಗಿಸದೆ 2012ಕ್ಕೆ ಸತ್ತು ಹೋಯ್ತು, ಎರಡನೇ ಸಭೆ ಆರಿಸಬೇಕಾಯ್ತು. 2015ರ ಏಪ್ರಿಲ್‌ನಲ್ಲಿ ಭೂಕಂಪ, ಆ ದುಃಖದಲ್ಲಿ ದೊಡ್ಡ ಪಕ್ಷಗಳು ಒಂದಾಗಿ ಸೆಪ್ಟೆಂಬರ್ 20ಕ್ಕೆ ಸಂವಿಧಾನ ತಂದ್ರು, 507 ಸದಸ್ಯರು ಪರ. ಸಂಖ್ಯೆ ನೋಡಿದ್ರೆ ಭರ್ಜರಿ ಗೆಲುವು, ಆದ್ರೆ ಭಾರತದ ಗಡಿಗೆ ಹತ್ತಿರದ ತರಾಯಿ ಬಯಲಿನ ಮಧೇಸಿ ಜನರ ಪಕ್ಷಗಳು ಹೊರಗೆ ಕೂತಿದ್ವು, ಅಲ್ಲಿ 40ಕ್ಕೂ ಹೆಚ್ಚು ಜನ ಸತ್ತಿದ್ರು, ಆಮೇಲೆ ತಿಂಗಳುಗಟ್ಟಲೆ ಭಾರತದ ಗಡಿ ಬಂದ್. ಹತ್ತು ವರ್ಷದಲ್ಲಿ ಅದೇ ಮೂರ್ನಾಲ್ಕು ಮುಖಗಳು ಪ್ರಧಾನಿ ಕುರ್ಚಿನ ಸುತ್ತು ಹಾಕ್ಕೊಂಡು ಕೂತ್ರು. 2025ರ ಸೆಪ್ಟೆಂಬರ್‌ನಲ್ಲಿ ಸೋಶಿಯಲ್ ಮೀಡಿಯಾ ಬಂದ್ ಮಾಡಿದ್ದು ಕಿಡಿ ಅಷ್ಟೇ, ಒಣಗಿದ ಕೋಪ ಮೊದಲೇ ಇತ್ತು. 70ಕ್ಕೂ ಹೆಚ್ಚು ಜೀವ ಹೋಯ್ತು, ಪಾರ್ಲಿಮೆಂಟ್ ಸುಟ್ಟು ಹೋಯ್ತು, ಪ್ರಧಾನಿ ಓಲಿ ರಾಜೀನಾಮೆ ಕೊಟ್ರು, ಹುಡುಗರು ಡಿಸ್ಕಾರ್ಡ್ ಅನ್ನೋ ಚಾಟ್ ಆ್ಯಪ್‌ನಲ್ಲಿ ಕೂತು ಚರ್ಚೆ ಮಾಡಿ ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಹೆಸರು ಮುಂದಿಟ್ರು. ಅವರು ಸಂಸದೆ ಅಲ್ಲ. 76ನೇ ವಿಧಿ ಪ್ರಕಾರ ಪ್ರಧಾನಿ ಆಗೋಕೆ ಸಂಸತ್ ಸದಸ್ಯರಾಗಿರಬೇಕು, ಹಾಗಾಗಿ ರಾಷ್ಟ್ರಪತಿ ಬೇರೆ ವಿಧಿ ಹಿಡಿದು ನೇಮಿಸಿದ್ರು. ಕಾನೂನಿನ ಕಣ್ಣಲ್ಲಿ ಇದು ಎಳೆದು ತಂದ ವ್ಯಾಖ್ಯಾನಾನೇ, ಮುಚ್ಚಿಡೋದೇನಿಲ್ಲ. ಆದ್ರೂ ಅದೇ ಹೊತ್ತಲ್ಲಿ ಸದನ ವಿಸರ್ಜನೆ ಮಾಡಿ, 2026ರ ಮಾರ್ಚ್ 5ಕ್ಕೆ ಚುನಾವಣೆ ಅಂತ ದಿನಾಂಕಾನೂ ಹೇಳಿಬಿಟ್ರು ನೋಡಿ, ಅದು ದೊಡ್ಡ ವಿಷಯ. ಮಧ್ಯಂತರ ಸರ್ಕಾರಕ್ಕೆ ಮೊದಲ ದಿನಾನೇ ಕೊನೇ ದಿನ ಗೊತ್ತಿದ್ರೆ ಅದು ಬೇರು ಬಿಡೋಕೆ ಕಷ್ಟ ಆಗುತ್ತೆ.

ಬಾಂಗ್ಲಾದೇಶದಲ್ಲಿ 2024ರ ಆಗಸ್ಟ್ 5ಕ್ಕೆ ಪ್ರಧಾನಿ ಹಸೀನಾ ಹೋದ್ರು, 8ಕ್ಕೆ ಮಧ್ಯಂತರ ಸರ್ಕಾರದ ಮುಖ್ಯಸ್ಥರಾಗಿ ಮೊಹಮದ್ ಯೂನುಸ್ ಬಂದ್ರು. ಅಲ್ಲಿ ಮೊದಲಿಂದ್ಲೂ ಇರೋ ಜಗಳ ಚುನಾವಣೆ ಯಾರ ಕೈ ಕೆಳಗೆ ನಡೀಬೇಕು ಅನ್ನೋದು. 1996ರಲ್ಲಿ 13ನೇ ತಿದ್ದುಪಡಿಯಿಂದ ತಟಸ್ಥ ಉಸ್ತುವಾರಿ ಸರ್ಕಾರದ ಪದ್ಧತಿ ತಂದಿದ್ರು, 2011ರಲ್ಲಿ ಹಸೀನಾ ಸರ್ಕಾರ 15ನೇ ತಿದ್ದುಪಡಿಯಿಂದ ತೆಗೀತು, ಅಲ್ಲಿಂದ ಮುಂದೆ ಚುನಾವಣೆ ಮೇಲೆ ನಂಬಿಕೆನೇ ಹೋಯ್ತು. ಯೂನುಸ್ ಕಾಲದಲ್ಲಿ ಸುಧಾರಣಾ ಆಯೋಗಗಳು ಕೂತವು, 2025ರ ಅಕ್ಟೋಬರ್ 17ಕ್ಕೆ ಪಕ್ಷಗಳು ಜುಲೈ ಸನದು ಅನ್ನೋ ಸುಧಾರಣೆಗಳ ಒಪ್ಪಂದಕ್ಕೆ ಸಹಿ ಹಾಕಿದ್ವು, ಆದ್ರೆ ಚಳವಳಿಯ ವಿದ್ಯಾರ್ಥಿಗಳೇ ಕಟ್ಟಿದ ಪಕ್ಷ ಅವತ್ತು ಸಹಿ ಹಾಕಲಿಲ್ಲ, ಇದು ಜಾರಿ ಆಗುತ್ತೆ ಅನ್ನೋಕೆ ಕಾನೂನಿನ ಗ್ಯಾರಂಟಿ ಎಲ್ಲಿದೆ ಅಂತ ಕೇಳಿದ್ರು. ನ್ಯಾಯವಾದ ಪ್ರಶ್ನೆ. ನನಗೆ ಚಿಂತೆ ಇರೋದು ಇನ್ನೊಂದು ಕಡೆ. ಹಸೀನಾ ಅವರ ಪಕ್ಷ ಅವಾಮಿ ಲೀಗ್‌ನ ಚಟುವಟಿಕೆಗಳನ್ನ 2025ರ ಮೇನಲ್ಲಿ ನಿಷೇಧ ಮಾಡಿದ್ರು. ಚಳವಳಿ ಮಾಡಿದೋರ ಮೇಲೆ ಗುಂಡು ಹಾರಿಸಿದೋರಿಗೆ, ಹಾರಿಸು ಅಂದೋರಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಪಕ್ಷಕ್ಕೆ ಓಟು ಹಾಕ್ತಿದ್ದ ಲಕ್ಷಾಂತರ ಸಾಮಾನ್ಯ ಜನ ಹೊಸ ವ್ಯವಸ್ಥೆನ ತಮ್ಮದು ಅಂತ ಹೆಂಗೆ ಅಂದ್ಕೊಳ್ತಾರೆ? ಅಪರಾಧಿಗೂ ಮತದಾರನಿಗೂ ವ್ಯತ್ಯಾಸ ಮಾಡದೇ ಇದ್ರೆ ಇವತ್ತು ಹೊರಗಿರೋನು ನಾಳೆ ಒಳಗೆ ಬಂದಾಗ ಮತ್ತೆ ಎಲ್ಲಾ ಕಿತ್ತು ಹಾಕ್ತಾನೆ.

ಇನ್ನು ನಮ್ಮ ಮೈಸೂರು. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಬೆನ್ನು ತಟ್ಟಬೇಕು, ನಮ್ಮ ಜಿಲ್ಲೆಗಳ ಹುಡುಗರಿಗೆ ಈಜಿಪ್ಟ್ ಗೊತ್ತಿರುತ್ತೆ, ಇದು ಗೊತ್ತಿರಲ್ಲ. 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ ಆದ ಎರಡು ವಾರಕ್ಕೆ, 25ನೇ ತಾರೀಕು ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸೋಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ರು. ಸತ್ತೋರ ಸಂಖ್ಯೆ ಬಗ್ಗೆ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆನೇ ಆಗಲ್ಲ. ವಿಷಯ ಗಾಂಧೀಜಿ ತನಕ ಹೋಗಿ, ವಲ್ಲಭಭಾಯಿ ಪಟೇಲರು ಬೆಂಗಳೂರಿಗೆ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದ ಮಾಡಿದ್ರು, ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ತು, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟ ಹಾರಿಸೋಕೆ ಒಪ್ಪಿಗೆ ಸಿಕ್ತು, ಸುಧಾರಣೆಗೆ ಸಮಿತಿ ಕೂತಿತ್ತು. ಅದರ ಫಲ 1940ರ ಮೈಸೂರು ಸರ್ಕಾರ ಕಾಯ್ದೆ. ಪ್ರಜಾಪ್ರತಿನಿಧಿ ಸಭೆ, ನ್ಯಾಯವಿಧಾಯಕ ಸಭೆ ಎರಡೂ ದೊಡ್ಡದಾದ್ವು, ಆದ್ರೆ ಮಂತ್ರಿಗಳು ಸಭೆಗೆ ಉತ್ತರ ಕೊಡಬೇಕಾದ ಸರ್ಕಾರ ಮಾತ್ರ ಬರಲಿಲ್ಲ. ಜನ ರಕ್ತ ಕೊಟ್ಟಿದ್ದಕ್ಕೆ ಸೀಟು ಸಿಕ್ತು, ಅಧಿಕಾರ ಸಿಗಲಿಲ್ಲ. ಚಳವಳಿ ಆದ ತಕ್ಷಣ ಬರೋ ಸುಧಾರಣೆ ಬಹಳ ಸಲ ಹಿಂಗೇ ಇರುತ್ತೆ.

1947ರ ಆಗಸ್ಟ್‌ನಲ್ಲಿ ಮಹಾರಾಜರು ಭಾರತಕ್ಕೆ ಸೇರೋಕೆ ಸಹಿ ಹಾಕಿದ್ರು, ಆದ್ರೆ ಒಳಗಿನ ಆಡಳಿತ ಬಿಟ್ಟುಕೊಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಶುರು ಆಯ್ತು, ವಿದ್ಯಾರ್ಥಿಗಳು, ರೈತರು, ಕಾರ್ಮಿಕರು ಜೈಲು ತುಂಬಿದ್ರು, ಅಕ್ಟೋಬರ್ 12ಕ್ಕೆ ಒಪ್ಪಂದ ಆಯ್ತು, ಅದೇ ತಿಂಗಳ ಕೊನೇಲಿ ಕೋಲಾರ ಜಿಲ್ಲೆ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ ಮೊದಲ ಮುಖ್ಯಮಂತ್ರಿ ಆದ್ರು. ಈಗ ಗಮನ ಇಟ್ಟು ನೋಡಿ, ಮಹಾರಾಜರನ್ನ ಓಡಿಸಲಿಲ್ಲ, ದಿವಾನ್ ರಾಮಸ್ವಾಮಿ ಮುದಲಿಯಾರ್ ಕೂಡ 1949ರ ತನಕ ಇದ್ರು, ಕಚೇರಿಗಳು, ಅಮಲ್ದಾರರು, ಕೋರ್ಟುಗಳು ನಿಲ್ಲಲಿಲ್ಲ. ಅಧಿಕಾರದ ಮೂಲ ಬದಲಾಯ್ತು, ಆಡಳಿತದ ಚಕ್ರ ತಿರುಗ್ತಾನೇ ಇತ್ತು. ದೆಹಲಿಯಲ್ಲೂ ಹಂಗೇ ಅಲ್ವಾ, 1947ರ ಆಗಸ್ಟ್ 15ರಿಂದ 1950ರ ಜನವರಿ 26ರ ತನಕ ದೇಶ ನಡೆದಿದ್ದು ಬ್ರಿಟಿಷರ 1935ರ ಕಾಯ್ದೆನ ತಿದ್ದಿ ಇಟ್ಕೊಂಡು, ಆ ನಿಯಮ ಇದ್ದಿದ್ದಕ್ಕೇ ಸಂವಿಧಾನ ಸಭೆಗೆ ಎರಡು ವರ್ಷ 11 ತಿಂಗಳು ಸಮಾಧಾನವಾಗಿ ಕೂತು ವಾದ ಮಾಡೋಕಾಯ್ತು.

ಮೈಸೂರು ತನ್ನದೇ ಸಂವಿಧಾನ ಬರೆಯೋಕೆ ಹೊರಟಿದ್ದು ನಿಜ. ಇಲ್ಲೂ ಒಂದು ಸಂವಿಧಾನ ಸಭೆ ಆಯ್ತು, ತಿರುವಾಂಕೂರು ಕೊಚ್ಚಿ, ಸೌರಾಷ್ಟ್ರದಲ್ಲೂ ಆಯ್ತು. ಇವೆಲ್ಲಾ ಒಂದೊಂದು ದಿಕ್ಕಿಗೆ ಹೋಗಬಾರದು ಅಂತ ಸಂವಿಧಾನ ಸಭೆಯ ಸಲಹೆಗಾರ ಬಿ.ಎನ್. ರಾವ್ ಅವರ ಸಮಿತಿ ಒಂದು ಮಾದರಿ ಸಂವಿಧಾನ ತಯಾರು ಮಾಡಿಕೊಡ್ತು. 1949ರ ಮೇ 19ಕ್ಕೆ ಸಂಸ್ಥಾನಗಳ ಪ್ರಧಾನಿಗಳು, ಅಂದ್ರೆ ಮುಖ್ಯಮಂತ್ರಿಗಳು, ದೆಹಲಿಯಲ್ಲಿ ಸೇರಿ, ಬೇರೆ ಬೇರೆ ಸಂವಿಧಾನ ಬೇಡ, ಭಾರತದ ಸಂವಿಧಾನದಲ್ಲೇ ನಮ್ಮ ಭಾಗಾನೂ ಇರಲಿ ಅಂತ ತೀರ್ಮಾನಕ್ಕೆ ಬಂದ್ರು. ದೆಹಲಿಯ ಸಂವಿಧಾನ ಸಭೆಯಲ್ಲಿ ಮೈಸೂರಿನ ಏಳು ಜನ ಇದ್ರು, ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ ಅದರಲ್ಲಿದ್ರು, ಹಾಗಾಗಿ ಯಾರೋ ಬರೆದಿದ್ದನ್ನ ನಮ್ಮ ಮೇಲೆ ಹೇರಿದ್ರು ಅನ್ನೋಹಂಗಿಲ್ಲ. 1949ರ ನವೆಂಬರ್ 25ಕ್ಕೆ ಮಹಾರಾಜರು ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನ ಅಂತ ಘೋಷಣೆ ಹೊರಡಿಸಿದ್ರು. ಜಮ್ಮು ಕಾಶ್ಮೀರ ಮಾತ್ರ ಬೇರೆ ದಾರಿ ಹಿಡಿದು ತನ್ನದೇ ಸಭೆ, ತನ್ನದೇ ಸಂವಿಧಾನ ಮಾಡ್ಕೊಳ್ತು. ನಮ್ಮ ಮಹಾರಾಜ ಜಯಚಾಮರಾಜ ಒಡೆಯರ್ ರಾಜಪ್ರಮುಖರಾದ್ರು, ಅಂದ್ರೆ ರಾಜ್ಯಪಾಲರ ಥರದ ರಾಜ್ಯದ ಮುಖ್ಯಸ್ಥರು, 1956ರಲ್ಲಿ ಆ ಹುದ್ದೆ ಹೋದಾಗ ರಾಜ್ಯಪಾಲರಾದ್ರು. ಸೋತೋರಿಗೂ ಒಂದು ಜಾಗ ಇರಬೇಕು ಅಂದ್ನಲ್ಲ, ಅದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನ್ನ ಹತ್ರ ಇಲ್ಲ. ಇಷ್ಟಕ್ಕೂ ನಮಗೆ ನಷ್ಟ ಆಗಲಿಲ್ಲ, ಮುಳಬಾಗಿಲಿನ ಕೂಲಿಗೂ ಬಾಂಬೆಯ ಗಿರಣಿ ಕಾರ್ಮಿಕನಿಗೂ ಅದೇ ಮೂಲಭೂತ ಹಕ್ಕು, ಅದೇ ಸುಪ್ರೀಂ ಕೋರ್ಟು ಸಿಕ್ತು, ಸಂಸ್ಥಾನದ ಚಿಕ್ಕ ಸಂವಿಧಾನದಲ್ಲಿ ಅಷ್ಟು ಸಿಗ್ತಿತ್ತು ಅಂತ ನನಗನ್ನಿಸಲ್ಲ.

ಕೊನೇ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಇನ್ನೂ ಹುಡುಕ್ತಿದ್ರೆ ಇದನ್ನೇ ತಗೊಳ್ಳಿ. 1940ರ ಕಾಯ್ದೆ ಒಂದು ಕಡೆ, 1947ರ ಅಕ್ಟೋಬರ್ ಒಪ್ಪಂದ ಇನ್ನೊಂದು ಕಡೆ ಇಟ್ಕೊಂಡು, ಮಂತ್ರಿ ಯಾರಿಗೆ ಉತ್ತರ ಕೊಡಬೇಕು ಅನ್ನೋ ಒಂದೇ ಪ್ರಶ್ನೆ ಹಾಕಿ ಎರಡನ್ನೂ ಓದಿ. ಗೌರಿಬಿದನೂರು, ಮಧುಗಿರಿ, ಕೊರಟಗೆರೆ ಕಡೆ ಚಳವಳಿಯಲ್ಲಿದ್ದ ಕುಟುಂಬಗಳ ಹತ್ರ ಹಳೇ ಕರಪತ್ರ, ಜೈಲಿನ ಕಾಗದ ಇನ್ನೂ ಇರಬಹುದು, ಆ ಮನೆಗಳ ಮಕ್ಕಳು ಮೊಮ್ಮಕ್ಕಳನ್ನ ಕೇಳಿ ನೋಡಿ, ಸಿಕ್ಕಿದ್ರೆ ಮೊದಲು ಫೋಟೋ ತೆಗೆದು ಇಟ್ಕೊಳ್ಳಿ.